ಫಿಶ್ ಪ್ರೋಬ್‌ಗಳಿಂದ ಜೀನ್ ಫ್ಯೂಷನ್ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಬಿಗೆ ಹೊಸದಾಗಿ ಸೇರಿದವರು ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪಿನ ಪಕ್ಕ ಕೂತು ಕೇಳುವ ಪ್ರಶ್ನೆಗಳಿವು. ಉತ್ತರಗಳು ಸಂಶೋಧನೆಯ ಕೆಲಸಕ್ಕೆ ಬರೆದವು. ಮನೆಯವರ ವರದಿಯೊಂದನ್ನು ಕೈಯಲ್ಲಿ ಹಿಡಿದು ಇಲ್ಲಿಗೆ ಬಂದಿದ್ದರೆ, ಓದಿ ತಿಳಿದುಕೊಳ್ಳಿ. ಆದರೆ ಆ ವರದಿಯ ಅರ್ಥವನ್ನು ನಿಮ್ಮ ಡಾಕ್ಟರ ಬಾಯಿಂದಲೇ ಕೇಳಿ.

ಜೀನ್ ಫ್ಯೂಷನ್ ಅಂದರೆ ಏನು?

ಒಂದು ಕ್ರೋಮೋಸೋಮನ್ನು ರೈಲು ಅಂದುಕೊಳ್ಳಿ, ಜೀನ್‌ಗಳು ಅದರ ಬೋಗಿಗಳು. ಒಂದು ರೈಲಿನ ಬೋಗಿ ನಡುವೆ ಮುರಿದು, ಇನ್ನೊಂದು ರೈಲಿನ ಮುರಿದ ಬೋಗಿಗೆ ಅಂಟಿಕೊಂಡರೆ ಅರ್ಧ ಇದು, ಅರ್ಧ ಅದು ಆದ ಹೊಸ ಬೋಗಿ ಹುಟ್ಟುತ್ತದೆ. ಜೀವಕೋಶಕ್ಕೆ ಇದು ಗೊತ್ತಾಗುವುದಿಲ್ಲ. ಬೆರಕೆ ಜೀನನ್ನೂ ಓದಿ ಬೆರಕೆ ಪ್ರೋಟೀನ್ ತಯಾರಿಸುತ್ತದೆ.

ಎಲ್ಲ ಬೆರಕೆಗಳೂ ಕೆಟ್ಟವಲ್ಲ, ಬಹಳಷ್ಟು ಕೆಲಸಕ್ಕೆ ಬಾರದವು. ತೊಂದರೆ ಕೊಡುವುದು ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ, ಬೇಕಾದಾಗ ಮಾತ್ರ ಚಾಲೂ ಆಗಬೇಕಾದ ಪ್ರೋಟೀನ್ ಸದಾ ಚಾಲೂ ಇರುತ್ತದೆ. ರಕ್ತದ ಕ್ಯಾನ್ಸರಿನ ಬಿಸಿಆರ್-ಎಬಿಎಲ್1 ಹಾಗೆ. ಇನ್ನೊಂದರಲ್ಲಿ ಜೀನ್ ಹೆಚ್ಚೂ ಕಮ್ಮಿ ಹಾಗೇ ಇರುತ್ತದೆ, ಆದರೆ ಬೇರೆ ಜೀನಿನ ಸ್ವಿಚ್ ಅದಕ್ಕೆ ಸಿಕ್ಕಿರುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನ ಟಿಎಂಪಿಆರ್‌ಎಸ್‌ಎಸ್2-ಇಆರ್‌ಜಿ ಈ ಜಾತಿ. ಗಂಡು ಹಾರ್ಮೋನಿಗೆ ಓಗೊಡುವ ಸ್ವಿಚ್ ಹೋಗಿ ಇಆರ್‌ಜಿ ಮುಂದೆ ಕೂತುಬಿಡುತ್ತದೆ.

ಮೀನಿಗೂ ಇದಕ್ಕೂ ಏನು ಸಂಬಂಧ?

ಏನೂ ಇಲ್ಲ. ಫ್ಲೋರಸೆನ್ಸ್ ಇನ್ ಸಿಟು ಹೈಬ್ರಿಡೈಸೇಶನ್ ಎಂಬ ಉದ್ದನೆಯ ಹೆಸರಿನ ಮೊದಲ ಅಕ್ಷರಗಳು ಸೇರಿ ಫಿಶ್ ಆಗಿದೆ. ಇದರಲ್ಲಿ ನೆನಪಿಡಬೇಕಾದ ಮಾತು 'ಇನ್ ಸಿಟು', ಅಂದರೆ ಇದ್ದ ಜಾಗದಲ್ಲೇ. ಡಿಎನ್‌ಎಯನ್ನು ಕೋಶದಿಂದ ಹೊರಗೆ ತೆಗೆಯುವುದಿಲ್ಲ. ಹೊಳೆಯುವ ಬಣ್ಣ ಕಟ್ಟಿದ ಡಿಎನ್‌ಎ ತುಂಡನ್ನು ಕೋಶದೊಳಗೆ ಕಳಿಸುತ್ತೇವೆ, ಪ್ರೋಬ್ ಅಂದರೆ ಇದೇ. ಅದು ತನ್ನ ಜೋಡಿಯನ್ನು ಹುಡುಕಿ ಅಂಟಿಕೊಳ್ಳುತ್ತದೆ.

1969ರಲ್ಲಿ ಜೋಸೆಫ್ ಗಾಲ್ ಮತ್ತು ಮೇರಿ ಲೂ ಪಾರ್ಡ್ಯೂ ಇನ್ ಸಿಟು ವಿಧಾನವನ್ನು ಮೊದಲು ತೋರಿಸಿದಾಗ ಪ್ರೋಬ್‌ಗೆ ವಿಕಿರಣ ಸೂಸುವ ಗುರುತು ಹಾಕಿದ್ದರು. ಅಂಥ ಪ್ರೋಬ್ ಇದ್ದರೆ ಸ್ಲೈಡಿಗೆ ಫೋಟೋ ಎಮಲ್ಷನ್ ಬಳಿದು, ಕತ್ತಲಲ್ಲಿಟ್ಟು, ದಿನ ವಾರಗಟ್ಟಲೆ ಕಾಯಬೇಕಿತ್ತು. 1980ರ ದಶಕದಲ್ಲಿ ಹೊಳೆಯುವ ಬಣ್ಣಗಳು ಆ ಜಾಗಕ್ಕೆ ಬಂದವು. ಈಗ ಒಂದು ರಾತ್ರಿ ಸಾಕು.

ಎಲ್ಲರೂ ಬಿಸಿಆರ್-ಎಬಿಎಲ್1ನಿಂದಲೇ ಪಾಠ ಶುರು ಮಾಡುವುದೇಕೆ?

ಅದರ ಕಥೆಯೇ ಹಾಗಿದೆ. 1960ರಲ್ಲಿ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್, ದೀರ್ಘಕಾಲದ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್, ಅಂದರೆ ಸಿಎಂಎಲ್ ಇದ್ದವರ ಕೋಶಗಳಲ್ಲಿ ಮಾಮೂಲಿಗಿಂತ ಚಿಕ್ಕದಾದ ಕ್ರೋಮೋಸೋಮ್ ಕಂಡರು. ಊರಿನ ಹೆಸರೇ ಅದಕ್ಕೆ ಬಂತು: ಫಿಲಡೆಲ್ಫಿಯಾ ಕ್ರೋಮೋಸೋಮ್. ಕಮ್ಮಿಯಾದ ತುಂಡು ಎಲ್ಲಿ ಹೋಯಿತು ಎಂದು ಯಾರಿಗೂ ಗೊತ್ತಿರಲಿಲ್ಲ. ಶಿಕಾಗೋದ ಜಾನೆಟ್ ರೌಲಿ ಕ್ರೋಮೋಸೋಮ್ ಫೋಟೋಗಳನ್ನು ಮನೆಯ ಊಟದ ಮೇಜಿನ ಮೇಲೆ ಕತ್ತರಿಸಿ ಜೋಡಿಸುತ್ತಿದ್ದರು. ಅಮ್ಮ ಕಾಗದದ ಗೊಂಬೆ ಆಡ್ತಿದ್ದಾಳೆ ಎಂದು ಮಕ್ಕಳು ತಮಾಷೆ ಮಾಡುತ್ತಿದ್ದರಂತೆ. 1973ರಲ್ಲಿ ಅವರು ಬರೆದರು: ತುಂಡು ಕಳೆದುಹೋಗಿಲ್ಲ, 9 ಮತ್ತು 22ನೇ ಕ್ರೋಮೋಸೋಮ್‌ಗಳು ತುದಿ ಬದಲಾಯಿಸಿಕೊಂಡಿವೆ. ಆ ಅದಲು ಬದಲಿನಲ್ಲಿ ಹುಟ್ಟುವ ಬೆರಕೆ ಜೀನೇ ಬಿಸಿಆರ್-ಎಬಿಎಲ್1.

2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಮ್ಯಾಟಿನಿಬ್ ಗುಳಿಗೆ ಆ ಬೆರಕೆ ಪ್ರೋಟೀನನ್ನೇ ತಡೆಯುತ್ತದೆ. ನಮ್ಮಲ್ಲಿ ಈ ಔಷಧ ಕೋರ್ಟಿನ ಸುದ್ದಿಯಾಗಿಯೂ ಗೊತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಇದರ ಒಂದು ರೂಪಕ್ಕೆ ಕೇಳಿದ್ದ ಪೇಟೆಂಟನ್ನು ನಿರಾಕರಿಸಿತು. ಕಡಿಮೆ ಬೆಲೆಯ ಜೆನೆರಿಕ್ ಗುಳಿಗೆಗಳ ದಾರಿಗೆ ಅಡ್ಡಿ ಬರಲಿಲ್ಲ. ಎರಡು ಬಣ್ಣದ ಚುಕ್ಕೆ ಎಣಿಸುವ ಕೆಲಸಕ್ಕೂ ಮೆಡಿಕಲ್ ಶಾಪಿನ ಬಿಲ್ಲಿಗೂ ಇಷ್ಟು ಹತ್ತಿರದ ನಂಟು ಬೇರೆ ಕಡೆ ನಾನಂತೂ ಕಂಡಿಲ್ಲ.

ಪ್ರೋಬ್ ಹೇಗೆ ತಯಾರಾಗುತ್ತದೆ?

ಬೇಕಾದ ಜಾಗದ ಮಾನವ ಡಿಎನ್‌ಎಯನ್ನು ಬ್ಯಾಕ್ಟೀರಿಯಾದೊಳಗೆ ಇಟ್ಟು ಬೆಳೆಸಿದ ಕ್ಲೋನ್‌ಗಳಿವೆ. ಅವನ್ನು ಬ್ಯಾಕ್ ಕ್ಲೋನ್ ಅನ್ನುತ್ತೇವೆ. ಒಂದೊಂದರಲ್ಲಿ ಸಾಮಾನ್ಯವಾಗಿ 1 ಲಕ್ಷದಿಂದ 2 ಲಕ್ಷ ಬೇಸ್ (ಡಿಎನ್‌ಎಯ ಒಂದೊಂದು ಅಕ್ಷರ) ಉದ್ದದ ತುಂಡು ಇರುತ್ತದೆ. ಆ ಡಿಎನ್‌ಎ ತೆಗೆದು ನಿಕ್ ಟ್ರಾನ್ಸ್‌ಲೇಶನ್ ಮಾಡುತ್ತೇವೆ. ಒಂದು ಎಂಜೈಮ್ ಅಲ್ಲಲ್ಲಿ ಗೀರು ಹಾಕುತ್ತದೆ. ಇನ್ನೊಂದು ಆ ಗೀರನ್ನು ತುಂಬುತ್ತಾ ಬಣ್ಣ ಕಟ್ಟಿದ ಬೇಸ್‌ಗಳನ್ನು ಸೇರಿಸುತ್ತದೆ. ಕೊನೆಗೆ 200ರಿಂದ 500 ಬೇಸ್ ಉದ್ದದ ಸಣ್ಣ ತುಂಡುಗಳಾದರೆ ಒಳ್ಳೆಯದು. ಉದ್ದ ಜಾಸ್ತಿಯಾದರೆ ನ್ಯೂಕ್ಲಿಯಸ್ ಒಳಗೆ ಸರಿಯಾಗಿ ಇಳಿಯುವುದಿಲ್ಲ, ಹಿನ್ನೆಲೆಯಲ್ಲಿ ಕಸ ಕಸವಾಗಿ ಹೊಳೆಯುತ್ತದೆ.

ಸ್ವಂತ ಪ್ರೋಬ್ ಮಾಡುವವರು ಹೆಚ್ಚಾಗಿ ಎಡವುವುದು ಕಾಟ್-1 ಡಿಎನ್‌ಎ ವಿಷಯದಲ್ಲಿ. ನಮ್ಮ ಜೀನೋಮಿನಲ್ಲಿ ಅರ್ಧದಷ್ಟು ಭಾಗ ಪುನರಾವರ್ತನೆ. ನಿಮ್ಮ ಕ್ಲೋನಿನಲ್ಲೂ ಅದು ಇದ್ದೇ ಇರುತ್ತದೆ. ಕಾಟ್-1 ಅಂದರೆ ಅಂಥ ಪುನರಾವರ್ತನೆಯೇ ತುಂಬಿದ ಡಿಎನ್‌ಎ. ಬಣ್ಣ ಹಾಕದೆ ಅದನ್ನು ಧಾರಾಳವಾಗಿ ಬೆರೆಸಿದರೆ ಅದು ಆ ಜಾಗಗಳನ್ನು ಮೊದಲೇ ಮುಚ್ಚುತ್ತದೆ. ಮರೆತರೆ ಇಡೀ ನ್ಯೂಕ್ಲಿಯಸ್ ಹಬ್ಬದ ದೀಪದ ಹಾಗೆ ಬೆಳಗುತ್ತದೆ, ನೋಡಲು ಚೆಂದ, ಎಣಿಸಲು ಏನೂ ಇಲ್ಲ.

ಡ್ಯುಯಲ್ ಫ್ಯೂಷನ್, ಬ್ರೇಕ್ ಅಪಾರ್ಟ್: ಯಾವುದನ್ನು ಆರಿಸಬೇಕು?

ಮತ್ತೆ ರೈಲಿಗೆ ಬನ್ನಿ. ಇಬ್ಬರೂ ಪಾಲುದಾರರು ಯಾರು ಎಂದು ಗೊತ್ತಿದ್ದರೆ ಒಂದು ಬೋಗಿಗೆ ಕೆಂಪು ದೀಪ, ಇನ್ನೊಂದಕ್ಕೆ ಹಸಿರು ದೀಪ ಕಟ್ಟುತ್ತೇವೆ. ಆರೋಗ್ಯವಾಗಿರುವ ಕೋಶದಲ್ಲಿ ಎರಡು ಕೆಂಪು, ಎರಡು ಹಸಿರು ಚುಕ್ಕೆ ದೂರ ದೂರ ಕಾಣುತ್ತವೆ. ಬಿಸಿಆರ್-ಎಬಿಎಲ್1 ಇದ್ದರೆ ಒಂದು ಕೆಂಪು, ಒಂದು ಹಸಿರು, ಎರಡು ಹಳದಿ. ಹಳದಿ ಎರಡು ಯಾಕೆ? ಪ್ರೋಬ್‌ಗಳು ಮುರಿಯುವ ಜಾಗದ ಎರಡೂ ಬದಿಗೆ ಚಾಚಿಕೊಂಡಿವೆ. ಅದಲು ಬದಲಾದ ಎರಡೂ ಕ್ರೋಮೋಸೋಮ್‌ಗಳಲ್ಲಿ ಬಣ್ಣ ಬೆರೆಯುತ್ತದೆ. ಇದೇ ಡ್ಯುಯಲ್ ಫ್ಯೂಷನ್.

ಪಾಲುದಾರ ಯಾರೆಂದು ಗೊತ್ತಿಲ್ಲದಿದ್ದರೆ, ಅಥವಾ ತುಂಬಾ ಜನ ಇದ್ದರೆ, ಬ್ರೇಕ್ ಅಪಾರ್ಟ್ ಬೇಕು. ಇಲ್ಲಿ ಒಂದೇ ಬೋಗಿಯ ಎರಡು ಬದಿಗೆ ಎರಡು ಬಣ್ಣ. ಬೋಗಿ ಗಟ್ಟಿ ಇದ್ದರೆ ಬಣ್ಣಗಳು ಅಕ್ಕಪಕ್ಕ ಕೂತು ಹಳದಿ ಕಾಣುತ್ತದೆ. ಮುರಿದರೆ ಕೆಂಪೂ ಹಸಿರೂ ಬೇರೆ ಬೇರೆ. ಅಂದರೆ ಡ್ಯುಯಲ್ ಫ್ಯೂಷನ್‌ನಲ್ಲಿ ಹಳದಿ ಕೆಟ್ಟ ಸುದ್ದಿ, ಬ್ರೇಕ್ ಅಪಾರ್ಟ್‌ನಲ್ಲಿ ಹಳದಿ ಒಳ್ಳೆಯ ಸುದ್ದಿ. ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ನೋಡುವ ದಿನ ತಲೆ ಕೆಡುತ್ತದೆ. ಎಣಿಕೆ ಹಾಳೆಯ ಮೇಲ್ಗಡೆ ಪ್ರೋಬ್ ಬಗೆ ಬರೆದುಕೊಂಡೇ ಕೂರಿ.

ಲ್ಯುಕೇಮಿಯಾಗಳಲ್ಲಿ ಮುರಿಯುವ ಕೆಎಂಟಿ2ಎ ಜೀನಿಗೆ 80ಕ್ಕೂ ಹೆಚ್ಚು ಪಾಲುದಾರರಿದ್ದಾರೆ. ಎಲ್ಲರಿಗೂ ಒಂದೊಂದು ಪ್ರೋಬ್ ಕೊಳ್ಳುವುದು ಯಾರಿಂದಲೂ ಆಗದು. ಅಲ್ಲಿ ಬ್ರೇಕ್ ಅಪಾರ್ಟ್ ಬಿಟ್ಟರೆ ಗತಿಯಿಲ್ಲ. ಆದರೆ ಅದು ಅರ್ಧ ಉತ್ತರ ಮಾತ್ರ ಕೊಡುತ್ತದೆ. ಇಡಬ್ಲ್ಯೂಎಸ್‌ಆರ್1 ಎಂಬ ಜೀನ್ ಒಡೆದಿದೆ ಅಂತ ಕಂಡಿತು ಅನ್ನಿ. ಯೂಯಿಂಗ್ ಸಾರ್ಕೋಮಾ ಎಂಬ ಕ್ಯಾನ್ಸರಿನಲ್ಲಿ ಅದು ಹೆಚ್ಚಾಗಿ ಎಫ್‌ಎಲ್‌ಐ1 ಜೊತೆ ಸೇರುತ್ತದೆ. ಕ್ಲಿಯರ್ ಸೆಲ್ ಸಾರ್ಕೋಮಾದಲ್ಲಿ ಎಟಿಎಫ್1 ಜೊತೆ, ಡೆಸ್ಮೋಪ್ಲಾಸ್ಟಿಕ್ ಸ್ಮಾಲ್ ರೌಂಡ್ ಸೆಲ್ ಗೆಡ್ಡೆಯಲ್ಲಿ ಡಬ್ಲ್ಯೂಟಿ1 ಜೊತೆ. ಮೂರರಲ್ಲೂ ನಿಮ್ಮ ಸ್ಲೈಡು ಒಂದೇ ಥರ ಕಾಣುತ್ತದೆ. 'ಇಡಬ್ಲ್ಯೂಎಸ್‌ಆರ್1 ಪಾಸಿಟಿವ್, ಆದ್ದರಿಂದ ಯೂಯಿಂಗ್' ಎಂದು ಬರೆಯುವ ವಿದ್ಯಾರ್ಥಿಯನ್ನು ನಾನು ಪ್ರತಿ ವರ್ಷ ತಿದ್ದುತ್ತೇನೆ.

ಸ್ಲೈಡಿನ ಕೆಲಸದಲ್ಲಿ ಯಾವ ಹಂತ ಕೈಕೊಡುತ್ತದೆ?

ಮೂಳೆಮಜ್ಜೆಯ ಕೋಶಗಳಾದರೆ ಕೆಲಸ ಸರಳ. ಮೆಥನಾಲ್ ಮೂರು ಪಾಲು, ಅಸಿಟಿಕ್ ಆಸಿಡ್ ಒಂದು ಪಾಲು ಬೆರೆಸಿದ ದ್ರವದಲ್ಲಿ ಕೋಶಗಳನ್ನು ಗಟ್ಟಿ ಮಾಡಿ ಸ್ಲೈಡಿಗೆ ಹನಿ ಹಾಕಬೇಕು. ಪ್ರೋಬ್ ಹಾಕಿ, ಕವರ್‌ಸ್ಲಿಪ್ ಮುಚ್ಚಿ, ಅಂಚಿಗೆ ರಬ್ಬರ್ ಸಿಮೆಂಟ್ ಹಚ್ಚಬೇಕು. ಸೈಕಲ್ ಪಂಕ್ಚರ್ ಅಂಗಡಿಯ ಅಂಟಿನ ಜಾತಿಯದೇ ಅದು, ವಾಸನೆಯೂ ಹಾಗೇ. 73ರಿಂದ 75 ಡಿಗ್ರಿಯಲ್ಲಿ ಕೆಲವು ನಿಮಿಷ ಇಟ್ಟರೆ ಡಿಎನ್‌ಎಯ ಎರಡು ಎಳೆ ಬಿಚ್ಚುತ್ತವೆ. ಆಮೇಲೆ 37 ಡಿಗ್ರಿಯಲ್ಲಿ, ಒದ್ದೆ ಡಬ್ಬಿಯೊಳಗೆ, ರಾತ್ರಿಯಿಡೀ.

ಬರೀ ನೀರಿನಲ್ಲಾದರೆ ಡಿಎನ್‌ಎ ಬಿಚ್ಚಲು ಇನ್ನೂ ಜಾಸ್ತಿ ಬಿಸಿ ಬೇಕು, ಆಗ ಕೋಶದ ಆಕಾರವೇ ಹಾಳು. ಅದಕ್ಕೇ ಫಾರ್ಮಮೈಡ್ ಬೆರೆಸುವುದು. ದ್ರವದಲ್ಲಿ ಶೇ. 1 ಫಾರ್ಮಮೈಡ್ ಹೆಚ್ಚಾದರೆ ಎಳೆ ಬಿಚ್ಚುವ ಉಷ್ಣತೆ ಸುಮಾರು 0.6 ಡಿಗ್ರಿ ಇಳಿಯುತ್ತದೆ. ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲ ರಾಸಾಯನಿಕ ಅದು. ಗ್ಲೌಸ್ ಹಾಕಿ, ಫ್ಯೂಮ್ ಹುಡ್ ಒಳಗೇ ಕೆಲಸ ಮಾಡಿ.

ಕೈಕೊಡುವುದು ಮಾರನೇ ದಿನದ ತೊಳೆತ. 0.4 ಪಟ್ಟು ಎಸ್‌ಎಸ್‌ಸಿ ಉಪ್ಪಿನ ದ್ರವ, ಸುಮಾರು 72 ಡಿಗ್ರಿ, 2 ನಿಮಿಷ. ಉಪ್ಪು ಕಮ್ಮಿ, ಬಿಸಿ ಜಾಸ್ತಿ ಆದಷ್ಟೂ ಸಡಿಲವಾಗಿ ಅಂಟಿದ ಪ್ರೋಬ್ ಕಳಚಿಕೊಳ್ಳುತ್ತದೆ. ಶುರುವಿನಲ್ಲಿ ನಾನು ವಾಟರ್ ಬಾತ್‌ನ ಪರದೆಯಲ್ಲಿ ಕಾಣುವ ಅಂಕಿಯನ್ನು ನಂಬಿದೆ. ಒಂದು ವಾರದ ಸ್ಲೈಡುಗಳೆಲ್ಲ ಅಮಾವಾಸ್ಯೆಯ ಆಕಾಶದ ಹಾಗೆ, ಎಲ್ಲೆಲ್ಲೂ ನಕ್ಷತ್ರ. ಪ್ರೋಬ್ ಕೆಟ್ಟಿದೆ ಎಂದು ಬೈದುಕೊಂಡೆ. ಕೊನೆಗೆ ಜಾರ್ ಒಳಗೆ ಥರ್ಮಾಮೀಟರ್ ಇಳಿಸಿ ನೋಡಿದರೆ 5 ಡಿಗ್ರಿ ಕಮ್ಮಿ. ತಪ್ಪು ನಂದೇ. ತಣ್ಣನೆಯ ಸ್ಲೈಡ್ ಒಂದೊಂದು ಇಳಿಸಿದಾಗಲೂ ಜಾರ್ ಸುಮಾರು 1 ಡಿಗ್ರಿ ತಣ್ಣಗಾಗುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಿ.

ಮೇಣದ ಬ್ಲಾಕಿನ ಅಂಗಾಂಶಕ್ಕೂ ಇದೇ ವಿಧಾನವೇ?

ಮೊದಲು ಮೇಣ ಕರಗಿಸಬೇಕು, ಆಮೇಲೆ ಪೆಪ್ಸಿನ್ ಎಂಬ ಎಂಜೈಮ್ ಹಾಕಿ ಪ್ರೋಟೀನ್ ಜಗಿಸಬೇಕು. ಎಷ್ಟು ನಿಮಿಷ ಎಂದು ಕೇಳಿದರೆ ನನ್ನ ಹತ್ತಿರ ಒಂದೇ ಉತ್ತರವಿಲ್ಲ. ಅಂಗಾಂಶ ಫಾರ್ಮಲಿನ್‌ನಲ್ಲಿ ಎಷ್ಟು ಹೊತ್ತು ಇತ್ತು ಎನ್ನುವುದರ ಮೇಲೆ ಅದು ನಿಂತಿದೆ. ಕಮ್ಮಿಯಾದರೆ ಪ್ರೋಬ್ ಒಳಗೆ ಹೋಗದು. ಜಾಸ್ತಿಯಾದರೆ ನ್ಯೂಕ್ಲಿಯಸ್ ಬೆಂದ ಸಾಬಕ್ಕಿಯ ಹಾಗೆ ಅಂಚು ಕಳೆದುಕೊಳ್ಳುತ್ತದೆ.

ಮೂಳೆಯ ಸ್ಯಾಂಪಲ್ ಆಸಿಡ್‌ನಲ್ಲಿ ಮೆತ್ತಗಾಗಿದ್ದರೆ ಡಿಎನ್‌ಎ ಹಾಳಾಗಿರುವ ಸಂಭವ ಜಾಸ್ತಿ. ಆಸಿಡ್ ಬದಲು ಇಡಿಟಿಎ ಎಂಬ ರಾಸಾಯನಿಕದಲ್ಲಿ ಮೆತ್ತಗೆ ಮಾಡಿದ್ದರೆ ಆಸೆ ಇದೆ. ಇದನ್ನು ಸ್ಯಾಂಪಲ್ ಕೊಡುವವರ ಹತ್ತಿರ ಮೊದಲ ದಿನವೇ ಕೇಳಿ, ಪ್ರೋಬ್ ಖರ್ಚಾದ ಮೇಲೆ ಅಲ್ಲ. ಹಾಗೆಯೇ ಗೆಡ್ಡೆ ಯಾವ ಕಡೆ ಇದೆ ಎಂದು ಪಕ್ಕದ ಎಚ್ ಅಂಡ್ ಇ (ಪೆಥಾಲಜಿಯ ಮಾಮೂಲಿ ಬಣ್ಣ ಹಾಕಿದ) ಸ್ಲೈಡ್ ಮೇಲೆ ಪೆಥಾಲಜಿಸ್ಟ್ ಹತ್ತಿರ ಗೆರೆ ಹಾಕಿಸಿಕೊಳ್ಳಿ. ಫಿಶ್ ಸ್ಲೈಡಿನಲ್ಲಿ ನ್ಯೂಕ್ಲಿಯಸ್ ತೋರಿಸುವ ನೀಲಿ ಡಾಪಿ ಬಣ್ಣದಲ್ಲಿ ಗೆಡ್ಡೆಯ ಕೋಶ ಯಾವುದು, ಲಿಂಫೋಸೈಟ್ ಎಂಬ ಬಿಳಿ ರಕ್ತಕೋಶ ಯಾವುದು ಎಂದು ಹೇಳುವುದು ಅನುಭವಿಗಳಿಗೂ ಕಷ್ಟ.

ಇನ್ನೊಂದು ತೊಡಕು: ಸೆಕ್ಷನ್ ದಪ್ಪ 4–5 ಮೈಕ್ರಾನ್, ನ್ಯೂಕ್ಲಿಯಸ್ ಅದಕ್ಕಿಂತ ದಪ್ಪ. ಅಂದರೆ ನೀವು ನೋಡುತ್ತಿರುವುದು ಹೋಳು. ಚುಕ್ಕೆ ಕಮ್ಮಿ ಕಂಡರೆ ಅದು ಕತ್ತರಿಸುವಾಗ ಹೋದದ್ದೂ ಇರಬಹುದು.

ಹಳದಿ ಚುಕ್ಕೆ ಕಂಡರೆ ಫ್ಯೂಷನ್ ಇದೆ ಅಂತಲೇ ಅಲ್ವಾ?

ಅಲ್ಲ. ನನ್ನ ಪ್ರಕಾರ ಈ ಪುಟದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು.

ನ್ಯೂಕ್ಲಿಯಸ್ ಉಂಡೆ, ನೀವು ನೋಡುವುದು ಮೇಲಿನಿಂದ. ಒಂದರ ಕೆಳಗೆ ಒಂದು ಇರುವ ಕೆಂಪು ಹಸಿರು ಚುಕ್ಕೆಗಳು ಮೇಲಿನಿಂದ ಒಂದೇ ಹಳದಿಯಾಗಿ ಕಾಣುತ್ತವೆ. ಫೋಕಸ್ ಮೇಲೆ ಕೆಳಗೆ ತಿರುಗಿಸಿ ನೋಡಿ, ಎಷ್ಟೋ ಹಳದಿಗಳು ಬೇರೆಯಾಗುತ್ತವೆ. ಎಲ್ಲವೂ ಆಗುವುದಿಲ್ಲ. ಆದ್ದರಿಂದ ಕಾಯಿಲೆ ಇಲ್ಲದವರ ಸ್ಯಾಂಪಲ್‌ನಲ್ಲೂ ಒಂದು ಹಳದಿ ಇರುವ ಕೋಶಗಳು ಸಿಗುತ್ತವೆ. ಎರಡು ಹಳದಿ ಒಟ್ಟಿಗೆ ಸುಮ್ನೆ ಬೀಳುವುದು ಬಲು ಅಪರೂಪ. ಡ್ಯುಯಲ್ ಫ್ಯೂಷನ್ ಪ್ರೋಬ್ ಹುಟ್ಟಿದ್ದೇ ಈ ಕಾರಣಕ್ಕೆ.

ಆದರೆ ಅಲ್ಲೂ ಒಂದು ಬಲೆ ಇದೆ. ಸಿಎಂಎಲ್ ಇರುವ ಕೆಲವರಲ್ಲಿ, ಹತ್ತರಲ್ಲಿ ಒಬ್ಬರಿಗೋ ಸ್ವಲ್ಪ ಜಾಸ್ತಿ ಜನರಿಗೋ, 9ನೇ ಕ್ರೋಮೋಸೋಮ್ ಮುರಿದ ಜಾಗದಲ್ಲೇ ಒಂದಿಷ್ಟು ಡಿಎನ್‌ಎ ಅಳಿಸಿಹೋಗಿರುತ್ತದೆ. ಆಗ ಎರಡನೇ ಹಳದಿ ಕಾಣುವುದಿಲ್ಲ. ಒಂದು ಕೆಂಪು, ಒಂದು ಹಸಿರು, ಒಂದು ಹಳದಿ. ಆಕಸ್ಮಿಕ ಹಳದಿಯದ್ದೂ ಇದೇ ಚಿತ್ರ! ಒಂದೇ ಕೋಶ ನೋಡಿ ಇವೆರಡನ್ನು ಬೇರೆ ಮಾಡಲಾಗದು. 200 ಕೋಶಗಳಲ್ಲಿ ಈ ಚಿತ್ರ 6 ಕಡೆ ಕಂಡರೆ ಒಂದು ಅರ್ಥ, 150 ಕಡೆ ಕಂಡರೆ ಬೇರೆಯೇ ಅರ್ಥ.

ಹಾಗಾದರೆ ಎಷ್ಟು ಕೋಶ ಎಣಿಸಬೇಕು? ಕಟ್-ಆಫ್ ಎಲ್ಲಿಂದ ತರಬೇಕು?

ರಕ್ತದ ಕಾಯಿಲೆಗಳಿಗೆ 200 ಕೋಶ, ಇಬ್ಬರು ನೂರು ನೂರು ಎಣಿಸುವುದು ರೂಢಿ. ಇಷ್ಟು ದಾಟಿದರೆ ಪಾಸಿಟಿವ್ ಎನ್ನುವ ಗೆರೆಯೇ ಕಟ್-ಆಫ್. ಅದನ್ನು ಬೇರೆ ಲ್ಯಾಬಿನ ಪ್ರಬಂಧದಿಂದ ಎರವಲು ತರಬೇಡಿ. ನಿಮ್ಮ ಕಣ್ಣು, ನಿಮ್ಮ ದೀಪ, ನಿಮ್ಮ ಪ್ರೋಬ್ ಬ್ಯಾಚ್ ಸೇರಿ ಎಷ್ಟು ತಪ್ಪು ಮಾಡುತ್ತವೆ ಎನ್ನುವುದರ ಮೇಲೆ ಅದು ನಿಂತಿದೆ. ಕಾಯಿಲೆ ಇಲ್ಲದ ಸ್ಯಾಂಪಲ್‌ಗಳನ್ನು ಎಣಿಸಿಯೇ ಅದನ್ನು ತಿಳಿಯಬೇಕು. ಬೇಜಾರಿನ ಕೆಲಸ, ಬಿಡುವಂತಿಲ್ಲ.

ಶ್ವಾಸಕೋಶ ಕ್ಯಾನ್ಸರಿನಲ್ಲಿ ಎಎಲ್‌ಕೆ ಜೀನ್ ನೋಡುವ ಬ್ರೇಕ್ ಅಪಾರ್ಟ್‌ಗೆ ಮಾತ್ರ ಕಿಟ್ ಜೊತೆಗೇ ಬಂದ ನಿಯಮವಿದೆ. 2011ರಲ್ಲಿ ಕ್ರಿಜೋಟಿನಿಬ್ ಔಷಧದ ಜೊತೆಗೇ ಈ ಪರೀಕ್ಷೆಗೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 50 ಕೋಶ ಎಣಿಸಿ. 5ಕ್ಕಿಂತ ಕಮ್ಮಿ ಪಾಸಿಟಿವ್ ಇದ್ದರೆ ನೆಗೆಟಿವ್, 25ಕ್ಕಿಂತ ಜಾಸ್ತಿ ಇದ್ದರೆ ಪಾಸಿಟಿವ್. ನಡುವೆ ಬಿದ್ದರೆ ಇನ್ನೊಬ್ಬರು ಬೇರೆ 50 ಎಣಿಸಬೇಕು. ಒಟ್ಟು ನೂರರಲ್ಲಿ 15 ಅಥವಾ ಹೆಚ್ಚು ಬಂದರೆ ಪಾಸಿಟಿವ್. ಎರಡನೆಯವರಿಗೆ ಮೊದಲನೆಯವರ ಲೆಕ್ಕ ಹೇಳಬೇಡಿ. ಗೊತ್ತಾದರೆ ಕಣ್ಣು ತಾನಾಗೇ ಆ ಕಡೆ ವಾಲುತ್ತದೆ.

ಪುಸ್ತಕದಲ್ಲಿಲ್ಲದ ಚಿತ್ರ ಕಂಡರೆ?

ಅದನ್ನು ಬರೆದಿಟ್ಟುಕೊಳ್ಳಿ, ಎಸೆಯಬೇಡಿ. ಕೆಲವು ಉದಾಹರಣೆ ಕೊಡುತ್ತೇನೆ.

ಇಎಂಎಲ್4 ಮತ್ತು ಎಎಲ್‌ಕೆ ಎರಡೂ 2ನೇ ಕ್ರೋಮೋಸೋಮಿನ ಒಂದೇ ತೋಳಿನಲ್ಲಿವೆ. ನಡುವೆ ಸುಮಾರು 1.2 ಕೋಟಿ ಬೇಸ್, ಮುಖ ಎದುರು ಬದುರು. ಆ ತುಂಡು ತಲೆಕೆಳಗಾದಾಗ ಬೆರಕೆ ಹುಟ್ಟುತ್ತದೆ. ಜಪಾನಿನಲ್ಲಿ ಹಿರೊಯುಕಿ ಮಾನೊ ಅವರ ತಂಡ 2007ರಲ್ಲಿ ಇದನ್ನು ಕಂಡಿತು. ಒಂದೇ ತೋಳಿನೊಳಗಿನ ಬದಲಾವಣೆಯಾದ್ದರಿಂದ ಕೆಂಪು ಹಸಿರು ದೂರ ಹೋಗುವುದಿಲ್ಲ, ಸ್ವಲ್ಪವೇ ಸರಿಯುತ್ತವೆ. ನಡುವಿನ ಜಾಗ ಎರಡು ಚುಕ್ಕೆಯಷ್ಟಾದರೂ ಇರಬೇಕು ಎನ್ನುವ ನಿಯಮ ಬಂದದ್ದು ಇದರಿಂದಲೇ. ಹಸಿರು ಕಳೆದು ಒಂಟಿ ಕೆಂಪು ಉಳಿದರೂ ಪಾಸಿಟಿವ್, ಏಕೆಂದರೆ ಎಎಲ್‌ಕೆಯ ಕೆಲಸ ಮಾಡುವ ಕೈನೇಸ್ ಭಾಗ ಇರುವುದು ಕೆಂಪು ಬದಿಯಲ್ಲಿ. ಒಂಟಿ ಹಸಿರು ಕಂಡರೆ ಪಾಸಿಟಿವ್ ಅಲ್ಲ.

ಟಿಎಂಪಿಆರ್‌ಎಸ್‌ಎಸ್2 ಮತ್ತು ಇಆರ್‌ಜಿ 21ನೇ ಕ್ರೋಮೋಸೋಮಿನ ಮೇಲೆ ಸುಮಾರು 30 ಲಕ್ಷ ಬೇಸ್ ದೂರದಲ್ಲಿವೆ. ಮಿಶಿಗನ್‌ನ ಅರುಳ್ ಚಿನ್ನಯ್ಯನ್ ಅವರ ತಂಡ 2005ರಲ್ಲಿ ಇವುಗಳ ಬೆರಕೆಯನ್ನು ಕಂಡಿತು. ಎಷ್ಟೋ ಸಲ ನಡುವಿನ ಭಾಗ ಅಳಿಸಿಹೋಗಿರುತ್ತದೆ. ಆಗ ಇಆರ್‌ಜಿ ಬ್ರೇಕ್ ಅಪಾರ್ಟ್‌ನಲ್ಲಿ ಒಂದು ಬಣ್ಣ ಒಡೆದು ದೂರ ಹೋಗುವುದಿಲ್ಲ, ಮಾಯವೇ ಆಗುತ್ತದೆ. ಪ್ರಾಸ್ಟೇಟ್ ಒಳಗೆ ಎರಡು ಮೂರು ಕಡೆ ಗೆಡ್ಡೆ ಇದ್ದರೆ ಒಂದರಲ್ಲಿ ಬೆರಕೆ ಇದ್ದು ಪಕ್ಕದ್ದರಲ್ಲಿ ಇಲ್ಲದಿರಬಹುದು. ಎಲ್ಲವನ್ನೂ ಅರೆದು ಡಿಎನ್‌ಎ ತೆಗೆದರೆ ಈ ಸಂಗತಿ ಕಾಣುವುದೇ ಇಲ್ಲ.

ಮಕ್ಕಳ ಲ್ಯುಕೇಮಿಯಾದ ಇಟಿವಿ6-ರನ್‌ಎಕ್ಸ್1 ನನಗೆ ಇಷ್ಟವಾದ ಉದಾಹರಣೆ. 12 ಮತ್ತು 21ನೇ ಕ್ರೋಮೋಸೋಮ್‌ಗಳು ಬದಲಾಯಿಸಿಕೊಳ್ಳುವ ತುದಿಗಳು ನೋಡಲು ಒಂದೇ ಥರ. ಕ್ರೋಮೋಸೋಮಿಗೆ ಬಣ್ಣ ಹಾಕಿ ಅಡ್ಡಪಟ್ಟೆ ನೋಡುವ ಹಳೆಯ ವಿಧಾನದಲ್ಲಿ ಎಲ್ಲ ಸರಿಯಿದ್ದ ಹಾಗೇ ಕಾಣುತ್ತದೆ. ಅದೇ ಪ್ರೋಬ್ ಹಾಕಿದಾಗ ರನ್‌ಎಕ್ಸ್1 ಚುಕ್ಕೆಗಳು ಐದು, ಆರು, ಗೊಂಚಲು ಗೊಂಚಲಾಗಿ ಕಂಡರೆ ಅದು ಬೆರಕೆಯಲ್ಲ. 21ನೇ ಕ್ರೋಮೋಸೋಮಿನ ಒಂದು ಭಾಗ ಒಳಗೊಳಗೇ ನಕಲಾಗಿರುವ ಬೇರೆ ಬಗೆಯ ಲ್ಯುಕೇಮಿಯಾ ಇರಬಹುದು.

ಇಡಬ್ಲ್ಯೂಎಸ್‌ಆರ್1 ಮತ್ತು ಇಆರ್‌ಜಿ ಸೇರಿದಾಗ ಬ್ರೇಕ್ ಅಪಾರ್ಟ್ ಮೋಸ ಮಾಡಬಹುದು. ಆ ಎರಡು ಜೀನ್‌ಗಳ ದಿಕ್ಕು ಬೇರೆ ಬೇರೆ. ಸುಮ್ಮನೆ ಅದಲು ಬದಲಾದರೆ ಬೆರಕೆ ಹುಟ್ಟದು, ತುಂಡು ಹಲವು ಕಡೆ ಮುರಿದು ಸೇರಬೇಕು. ಬೆರಕೆ ಇದ್ದೂ ಹಳದಿ ಹಾಗೇ ಉಳಿದು ನೆಗೆಟಿವ್ ಅನ್ನಿಸುತ್ತದೆ.

ಕಂಟ್ರೋಲ್‌ಗೆ, ಅಂದರೆ ಹೋಲಿಸಿ ನೋಡಲು, ಯಾವ ಸೆಲ್ ಲೈನ್ (ಲ್ಯಾಬಿನಲ್ಲಿ ಬೆಳೆಸುತ್ತಲೇ ಇರುವ ಕೋಶಗಳು) ಇಟ್ಟುಕೊಳ್ಳಬೇಕು?

ಬಿಸಿಆರ್-ಎಬಿಎಲ್1ಗೆ ಎಲ್ಲರ ಹತ್ತಿರವೂ ಕೆ562 ಇರುತ್ತದೆ. ಅದು ಪಾಸಿಟಿವ್ ನಿಜ, ಆದರೆ ಅದರಲ್ಲಿ ಬೆರಕೆ ಜೀನಿನ ಪ್ರತಿಗಳು ರಾಶಿ ರಾಶಿ. ಪುಸ್ತಕದ 'ಎರಡು ಹಳದಿ' ಅಲ್ಲಿ ಸಿಗದು. ಪ್ರೋಬ್ ಹೊಳೆಯುತ್ತಿದೆಯಾ ಎಂದು ನೋಡಲು ಸಾಕು, ಎಣಿಕೆ ಕಲಿಸಲು ಬೇಡ. ಇಎಂಎಲ್4-ಎಎಲ್‌ಕೆಗೆ ಎಚ್3122, ಟಿಎಂಪಿಆರ್‌ಎಸ್‌ಎಸ್2-ಇಆರ್‌ಜಿಗೆ ವಿಕ್ಯಾಪ್.

ಪ್ರೋಬ್ ದುಬಾರಿ. ಅರ್ಧ ಹಾಕಿದರೆ ನಡೆಯುತ್ತದೆಯೇ?

22 ಮಿಲಿಮೀಟರ್ ಚೌಕದ ಕವರ್‌ಸ್ಲಿಪ್‌ಗೆ 10 ಮೈಕ್ರೋಲೀಟರ್ ಎಂದು ಕಿಟ್ ಹೇಳುತ್ತದೆ. ಚಿಕ್ಕ ದುಂಡು ಕವರ್‌ಸ್ಲಿಪ್ ಹಾಕಿ 3ರಿಂದ 5 ಮೈಕ್ರೋಲೀಟರ್‌ನಲ್ಲಿ ಮುಗಿಸುವ ಲ್ಯಾಬ್‌ಗಳು ಬೇಕಾದಷ್ಟಿವೆ. ಸಂಶೋಧನೆಗೆ ಅಡ್ಡಿಯಿಲ್ಲ, ಮೊದಲು ಪೂರ್ತಿ ಅಳತೆಯ ಜೊತೆ ಹೋಲಿಸಿ ನೋಡಿದ್ದರೆ. ದೊಡ್ಡ ಕವರ್‌ಸ್ಲಿಪ್ ಕೆಳಗೇ ಅರ್ಧ ಹಾಕಿದರೆ ಅಂಚು ಒಣಗುತ್ತದೆ, ಅಲ್ಲಿನ ಕೋಶಗಳು ಹಾಳು. ನೀರು ಬೆರೆಸಿ ತೆಳ್ಳಗೆ ಮಾಡುವುದಂತೂ ಬೇಡವೇ ಬೇಡ, ಫಾರ್ಮಮೈಡ್ ಲೆಕ್ಕವೇ ತಪ್ಪುತ್ತದೆ.

ಎನ್‌ಜಿಎಸ್ (ಡಿಎನ್‌ಎ, ಆರ್‌ಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದುವ ಸೀಕ್ವೆನ್ಸಿಂಗ್) ಬಂದ ಮೇಲೂ ಫಿಶ್ ಬೇಕೇ?

ಪಾಲುದಾರ ಯಾರು, ಯಾವ ಜಾಗದಲ್ಲಿ ಮುರಿದಿದೆ ಎಂದು ತಿಳಿಯಲು ಆರ್‌ಎನ್‌ಎ ಸೀಕ್ವೆನ್ಸಿಂಗ್ ಮುಂದೆ ಫಿಶ್ ನಿಲ್ಲುವುದಿಲ್ಲ. ಔಷಧ ತೆಗೆದುಕೊಂಡ ಮೇಲೆ ಹತ್ತು ಸಾವಿರದಲ್ಲೊಂದು ಕೆಟ್ಟ ಕೋಶ ಉಳಿದಿದೆಯಾ ಎನ್ನುವುದಕ್ಕೆ ಪಿಸಿಆರ್ ಬೇಕು, 200 ಕೋಶ ಎಣಿಸಿದರೆ ಏನೂ ತಿಳಿಯದು. ಆದರೆ ಪಿಎಂಎಲ್-ಆರ್‌ಎಆರ್‌ಎ ಎಂಬ ಬೆರಕೆ ಇರುವ ಲ್ಯುಕೇಮಿಯಾದಲ್ಲಿ ರಕ್ತಸ್ರಾವದಿಂದ ಜೀವಕ್ಕೇ ಅಪಾಯ. ಅಲ್ಲಿ ವಾರ ಕಾಯುವಂತಿಲ್ಲ, ಫಿಶ್ ಉತ್ತರ ಒಂದು ದಿನದೊಳಗೆ ಸಿಗುತ್ತದೆ. ಆರ್‌ಎನ್‌ಎ ಕೊಳೆತ ಹಳೆಯ ಬ್ಲಾಕ್ ಇದ್ದಾಗಲೂ ಫಿಶ್ ಕೆಲಸಕ್ಕೆ ಬರಬಹುದು. ಯಾವ ಕೋಶದಲ್ಲಿ ಬೆರಕೆ ಇದೆ ಎಂದು ಬೆರಳಿಟ್ಟು ತೋರಿಸಬೇಕಾದಾಗಲಂತೂ ನಾನು ಇದನ್ನೇ ಆರಿಸುತ್ತೇನೆ.

ನನಗೆ ಕೆಂಪು ಹಸಿರು ಸರಿಯಾಗಿ ಬೇರೆ ಕಾಣುವುದಿಲ್ಲ. ಈ ಕೆಲಸ ಮಾಡಬಹುದಾ?

ಮಾಡಬಹುದು. ಈ ತೊಂದರೆಗೆ ಕಾರಣವಾದ ಜೀನ್‌ಗಳು ಎಕ್ಸ್ ಕ್ರೋಮೋಸೋಮ್ ಮೇಲಿವೆ, ಆದ್ದರಿಂದ ಗಂಡಸರಲ್ಲಿ ಜಾಸ್ತಿ. ಫಿಶ್ ಕ್ಯಾಮೆರಾಗಳಲ್ಲಿ ಹೆಚ್ಚಿನವು ಕಪ್ಪು ಬಿಳುಪಿನವು. ಒಂದೊಂದು ಫಿಲ್ಟರಿನಲ್ಲಿ ಒಂದೊಂದು ಫೋಟೋ ತೆಗೆದು, ಬಣ್ಣವನ್ನು ಆಮೇಲೆ ಕಂಪ್ಯೂಟರ್ ತುಂಬುತ್ತದೆ. ಹಳದಿ ಎನ್ನುವುದೂ ಹಾಗೆ ಬಂದದ್ದೇ, ಹಳದಿ ಬಣ್ಣದ ಪ್ರೋಬ್ ಅಲ್ಲಿಲ್ಲ. ಕೆಂಪಿನ ಬದಲು ಮಜೆಂಟಾ ಇಟ್ಟುಕೊಳ್ಳಿ, ಎರಡು ಸೇರಿದ ಜಾಗ ಬಿಳಿಯಾಗಿ ಕಾಣುತ್ತದೆ. ಇಲ್ಲವೇ ಎರಡು ಕಪ್ಪು ಬಿಳುಪು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಎಣಿಸಿ. ಕಣ್ಣಲ್ಲೇ ನೋಡುವಾಗ ಎರಡು ಬಣ್ಣ ಒಟ್ಟಿಗೆ ತೋರಿಸುವ ಫಿಲ್ಟರ್ ಬಿಟ್ಟು, ಒಂದೊಂದೇ ಬಣ್ಣದ ಫಿಲ್ಟರ್ ತಿರುಗಿಸಿ ನೋಡಿ. ನಿಧಾನ ಆಗುತ್ತದೆ, ಅಷ್ಟೇ. ಬಣ್ಣ ಚೆನ್ನಾಗಿ ಕಾಣುವವರಿಗೂ ಅನುಮಾನದ ಕೋಶ ಬಂದಾಗ ನಾನು ಮಾಡಿಸುವುದು ಇದನ್ನೇ.